ಬಹುಜನಹಿತವೂ ಭದ್ರಾವತಿಯ ಋಣವೂ

2023ರ ಜನವರಿಯಲ್ಲಿ ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚಿಬಿಡುವುದೆಂದು ಅದರ ಒಡೆತನವುಳ್ಳ ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತ ಮಂಡಲಿಯು ನಿಶ್ಚಯಿಸಿದ ವಾರ್ತೆ ಹೊರಬಿದ್ದಾಗ, ಭದ್ರಾವತಿಯಲ್ಲಿಯೂ ಶಿವಮೊಗ್ಗೆಯಲ್ಲಿಯೂ ಜನರು ಆಡಿಕೊಂಡ ಮಾತು ಸ್ಥೂಲವಾಗಿ ಎರಡು ಬಗೆಯದಾಗಿತ್ತು. ವರ್ಷವರ್ಷವೂ ನಷ್ಟವನ್ನೇ ತೋರಿಸುತ್ತಿರುವ, ಹಳೆಯ ಯಂತ್ರಗಳನ್ನು ಹೊತ್ತು ನಿಂತಿರುವ, ಕೊಳ್ಳುವವರು ಬನ್ನಿರೆಂದು ಕರೆದರೂ ತಕ್ಕವರು ಮುಂದೆ ಬಾರದಿರುವ ಕಾರ್ಖಾನೆಗೆ ದೇಶದ ಹಣವನ್ನು ಇನ್ನೆಷ್ಟು ಕಾಲ ಸುರಿಯುವುದು ಎಂಬುದು ಒಂದು. ಅಜ್ಜನ ಕಾಲದಿಂದ ಆ ಕುಲುಮೆಯನ್ನೇ ನಂಬಿ ಬಾಳಿದ ಊರನ್ನು ಒಂದು ಸಭೆಯ ನಿರ್ಣಯದಿಂದ ಬೀದಿಗೆ ತಳ್ಳುವುದು ಯಾವ ಧರ್ಮ ಎಂಬುದು ಇನ್ನೊಂದು. ಮೊದಲನೆಯದು ಲೆಕ್ಕದ ಮಾತು, ಎರಡನೆಯದು ಮನಸ್ಸಿನ ಮಾತು ಎಂದು ಹಲವರು ಬಗೆದರು. ನನಗೆ ಹಾಗೆ ತೋರುವುದಿಲ್ಲ. ಎರಡೂ ಧರ್ಮಾಧರ್ಮದ ವಿಚಾರಗಳೇ ಆಗಿವೆ. ಒಂದೊಂದರ ಹಿಂದೆಯೂ ಶತಮಾನಗಳ ಕಾಲ ಪಂಡಿತರು ತೂಗಿ ನೋಡಿದ ಒಂದೊಂದು ನೀತಿಸಿದ್ಧಾಂತವಿದೆ. ಆ ಸಿದ್ಧಾಂತಗಳನ್ನು ಪುಸ್ತಕದ ಪುಟಗಳಿಂದ ಇಳಿಸಿ ತುಂಗಾಭದ್ರೆಯರ ದಡದ ಮೇಲೆ ಪರೀಕ್ಷಿಸಿ ನೋಡಬೇಕೆಂಬುದೇ ಈ ಬರಹದ ಉದ್ದೇಶ.

ಅತ್ಯಧಿಕ ಜನರ ಅತ್ಯಧಿಕ ಸುಖವೇ ಸರಿತಪ್ಪುಗಳ ಅಳತೆಗೋಲೆಂದು ಸಾರಿದ ಇಂಗ್ಲೆಂಡಿನ ಜೆರೆಮಿ ಬೆಂಥಾಮನು (1748–1832), 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಸುಖದುಃಖಗಳನ್ನು ತೂಗುವುದಕ್ಕೆ ಏಳು ಅಂಶಗಳನ್ನು ಹೇಳಿದನು: ಅವುಗಳ ತೀವ್ರತೆ, ಅವು ಉಳಿಯುವ ಕಾಲ, ನಿಶ್ಚಿತತೆ, ಸಾಮೀಪ್ಯ, ಮುಂದೆ ಅಂಥವನ್ನೇ ಹುಟ್ಟಿಸುವ ಶಕ್ತಿ, ವಿರುದ್ಧವಾದುದರ ಬೆರಕೆಯಿಲ್ಲದಿರುವ ಶುದ್ಧಿ, ಎಷ್ಟು ಜನಕ್ಕೆ ತಲುಪುವುದೆಂಬ ವ್ಯಾಪ್ತಿ. ಇದನ್ನೇ ನಾವು ಉಪಯುಕ್ತತಾವಾದವೆಂದು ಕರೆಯುತ್ತೇವೆ. ವ್ಯಾಪಾರಿಯ ತಕ್ಕಡಿಯನ್ನು ಧರ್ಮದೊಳಕ್ಕೆ ತಂದರೆಂದು ಇದನ್ನು ಹಳಿದವರು ಬಹಳ ಮಂದಿ ಉಂಟು. ಆದರೆ ದೊರೆಯ ಸುಖಕ್ಕೂ ಕೂಲಿಕಾರನ ಸುಖಕ್ಕೂ ಒಂದೇ ತೂಕವೆಂದು, ಜನ್ಮ, ಪದವಿ, ಮತ ಯಾವುದೂ ತಕ್ಕಡಿಯ ತಟ್ಟೆಯನ್ನು ಬಾಗಿಸಕೂಡದೆಂದು ಅದು ಹೇಳಿದ ಕಾಲದಲ್ಲಿ ಹಾಗೆ ಹೇಳುವುದಕ್ಕೆ ಎದೆಗಾರಿಕೆ ಬೇಕಾಗಿತ್ತು. ಮುಂದೆ ಅದೇ ಪಂಥದ ಜಾನ್ ಸ್ಟೂವರ್ಟ್ ಮಿಲ್ಲನು ಸುಖಗಳಲ್ಲಿ ಪರಿಮಾಣಭೇದವಲ್ಲದೆ ಗುಣಭೇದವೂ ಉಂಟೆಂದು 1861ರಲ್ಲಿ ತಿದ್ದಿ ಬರೆದನು. ಈ ಮಿಲ್ಲನು 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ಉದ್ಯೋಗಿಯಾಗಿದ್ದನೆಂಬುದನ್ನು ನಾವು ಮರೆಯಬಾರದು. ಪರರ ಹಿತವನ್ನು ದೂರದ ಕಚೇರಿಯಲ್ಲಿ ಕುಳಿತು ಲೆಕ್ಕ ಹಾಕುವ ಅಭ್ಯಾಸಕ್ಕೂ ಈ ಸಿದ್ಧಾಂತಕ್ಕೂ ನಂಟು ಹಳೆಯದು.

ಭದ್ರಾವತಿಯ ಕಾರ್ಖಾನೆ ಹುಟ್ಟಿದ್ದೇ ಬಹುಜನಹಿತದ ಹೆಸರಿನಲ್ಲಿ. ಬೆಂಕಿಪುರವೆಂದು ಹಿಂದೆ ಕರೆಯುತ್ತಿದ್ದ ಆ ಊರಿನಲ್ಲಿ, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಇದ್ದಲಿನಿಂದ ಕರಗಿಸಿ ಕಬ್ಬಿಣ ಮಾಡಬೇಕೆಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1918ರಲ್ಲಿ ಕೆಲಸಕ್ಕೆ ತೊಡಗಿದರು. 1923ರಲ್ಲಿ ಕುಲುಮೆ ಉರಿಯಿತು. ಅಷ್ಟರೊಳಗೆ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಪಾತಾಳಕ್ಕೆ ಇಳಿದಿತ್ತು. ಸಂಸ್ಥಾನದ ಬೊಕ್ಕಸದ ಹಣವೆಲ್ಲ ಬೂದಿಯಾಗುತ್ತಿದೆಯೆಂಬ ಟೀಕೆ ಆ ದಿನಗಳಲ್ಲಿಯೂ ಕೇಳಿಬಂದಿತು. ಅಂದು ಕೇವಲ ಆ ವರ್ಷದ ಆಯವ್ಯಯವನ್ನು ನೋಡಿದ್ದರೆ ಮುಚ್ಚಿಬಿಡುವುದೇ ವಿವೇಕವೆನಿಸುತ್ತಿತ್ತು. ಹಾಗೆ ಮಾಡಲಿಲ್ಲ. ದಿವಾನಗಿರಿಯನ್ನು ಬಿಟ್ಟು ಐದು ವರ್ಷವಾಗಿದ್ದ ವಿಶ್ವೇಶ್ವರಯ್ಯನವರನ್ನೇ ಕರೆದು ಆಡಳಿತದ ಹೊಣೆಯನ್ನು ಒಪ್ಪಿಸಿದರು; ಕಾರ್ಖಾನೆ ಉಳಿಯಿತು, ಸಿಮೆಂಟು ಬಂದಿತು, ಉಕ್ಕು ಬಂದಿತು, ಪಕ್ಕದಲ್ಲಿ ಕಾಗದದ ಕಾರ್ಖಾನೆಯೂ ಎದ್ದಿತು, ನ್ಯೂಟೌನ್, ಪೇಪರ್ ಟೌನ್ ಎಂದು ವಸತಿಗಳು ಬೆಳೆದವು. ಬೆಂಥಾಮನ ಏಳು ಅಂಶಗಳಲ್ಲಿ ಒಂದಾದ ಫಲವನ್ನು ಹುಟ್ಟಿಸುವ ಶಕ್ತಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆ.

ಆದುದರಿಂದ ಮುಚ್ಚುವ ತೀರ್ಮಾನವನ್ನು ಉಪಯುಕ್ತತಾವಾದದ ತೀರ್ಮಾನವೆಂದು ಒಪ್ಪಿಕೊಳ್ಳುವುದಕ್ಕೆ ಮೊದಲು ಅದು ಯಾರ ಲೆಕ್ಕ ಎಂದು ಕೇಳಬೇಕು. ಸಂಸ್ಥೆಯ ಲಾಭನಷ್ಟದ ಪಟ್ಟಿಯಲ್ಲಿ ಬರುವುದು ಸಂಸ್ಥೆಗೆ ತಟ್ಟಿದ ನಷ್ಟ ಮಾತ್ರ. ಗೇಟಿನೆದುರಿನ ಹೋಟೆಲಿನವನು, ಆಟೋ ಓಡಿಸುವವನು, ಕಾರ್ಖಾನೆಯ ಸಂಬಳದ ದಿನವನ್ನೇ ನಂಬಿ ತಿಂಗಳುದ್ದಕ್ಕೂ ಉದ್ರಿ ಬರೆದುಕೊಳ್ಳುವ ದಿನಸಿ ಅಂಗಡಿಯವನು, ಮನೆಯ ಅರ್ಧ ಭಾಗವನ್ನು ಬಾಡಿಗೆಗೆ ಕೊಟ್ಟು ಜೀವಿಸುವ ವಿಧವೆ, ಇವರಾರೂ ಆ ಪಟ್ಟಿಯಲ್ಲಿ ಇಲ್ಲ. ಬೆಂಥಾಮನ ತಕ್ಕಡಿಯಲ್ಲಾದರೋ ಇವರೆಲ್ಲರಿಗೂ ಸ್ಥಾನವುಂಟು. ಸಂಸ್ಥೆಯ ನಷ್ಟವನ್ನೇ ಸಮಾಜದ ನಷ್ಟವೆಂದು ತೋರಿಸುವುದು ಉಪಯುಕ್ತತಾವಾದವನ್ನು ಅನುಸರಿಸಿದಂತಾಗುವುದಿಲ್ಲ. ಅದರ ಹೆಸರನ್ನು ಎರವಲು ಪಡೆದಂತಾಗುತ್ತದೆ.

ಹಾಗೆಂದ ಮಾತ್ರಕ್ಕೆ ಎಂದೆಂದಿಗೂ ಮುಚ್ಚಕೂಡದೆಂಬ ಪಕ್ಷವೇ ಗೆದ್ದಿತೆಂದು ತಿಳಿಯಬಾರದು. ಇಲ್ಲಿ ತುಂಬಿಕೊಡುವ ನಷ್ಟದ ಹಣವು ಎಲ್ಲಿಂದಲೋ ಬರತಕ್ಕದ್ದು. ಬಯಲುಸೀಮೆಯ ಯಾವುದೋ ಹಳ್ಳಿಯ ಆಸ್ಪತ್ರೆಗೆ, ಇನ್ನಾವುದೋ ಊರಿನ ಶಾಲೆಗೆ ಸಲ್ಲಬಹುದಾಗಿದ್ದ ಹಣವದು. ಭದ್ರಾವತಿಯ ಕಾರ್ಮಿಕನ ಮುಖ ನಮಗೆ ಪರಿಚಿತವಾಗಿರುವುದರಿಂದ ಅವನ ಕಷ್ಟ ನಮ್ಮ ಕಣ್ಣಿಗೆ ಕಾಣುತ್ತದೆ. ಹಣ ಇಲ್ಲಿಗೆ ಬಂದುದರಿಂದ ಅಲ್ಲಿ ಔಷಧ ಸಿಕ್ಕದೆ ಹೋದವನ ಮುಖ ನಮಗೆ ಕಾಣದು. ಕಾಣದ ಮುಖವನ್ನೂ ಎಣಿಸಬೇಕೆಂದು ಹಟ ಹಿಡಿಯುವುದೇ ಉಪಯುಕ್ತತಾವಾದದ ಹಿರಿಮೆ. ಈ ವಾದಕ್ಕೆ ಸುಲಭವಾದ ಉತ್ತರವಿಲ್ಲ, ಸುಲಭವಾದ ಉತ್ತರವನ್ನು ಕೊಡುವವರನ್ನು ನಾನು ನಂಬುವುದಿಲ್ಲ. 2023ರ ಆಗಸ್ಟಿನಲ್ಲಿ ಕಾರ್ಖಾನೆಯ ಕೆಲವು ವಿಭಾಗಗಳು ಮತ್ತೆ ಚಾಲನೆಗೊಂಡವೆಂಬುದು ಸಂತೋಷದ ಸಂಗತಿಯೇ. ಆದರೆ ಅದರಿಂದ ಪ್ರಶ್ನೆ ಮುಂದಕ್ಕೆ ಹೋಯಿತೇ ಹೊರತು ತೀರಿಹೋಗಲಿಲ್ಲ.

ಇಲ್ಲಿ ಎರಡನೆಯ ಸಿದ್ಧಾಂತವೊಂದು ಬಾಗಿಲು ತಟ್ಟುತ್ತದೆ. ಜರ್ಮನಿಯ ಇಮ್ಯಾನ್ಯುಯೆಲ್ ಕಾಂಟನು 1785ರಲ್ಲಿ ಬರೆದ ಗ್ರಂಥದ ಪ್ರಕಾರ, ಮನುಷ್ಯನನ್ನು ಎಂದಿಗೂ ಕೇವಲ ಸಾಧನವನ್ನಾಗಿ ಬಳಸತಕ್ಕದ್ದಲ್ಲ. ಫಲ ಎಷ್ಟೇ ದೊಡ್ಡದಾದರೂ, ಕೊಟ್ಟ ಮಾತನ್ನು ಮುರಿದು, ಕತ್ತಲೆಯಲ್ಲಿಟ್ಟು, ಅವನನ್ನು ಪರರ ಪ್ರಯೋಜನಕ್ಕೆ ಉರುವಲಾಗಿಸುವುದು ಅಧರ್ಮ. ಇದರ ಅರ್ಥವನ್ನು ಭದ್ರಾವತಿಯ ಗುತ್ತಿಗೆ ಕಾರ್ಮಿಕನ ಸ್ಥಿತಿಯಲ್ಲಿ ನೋಡಬೇಕು. ಕಾಯಂ ನೌಕರನನ್ನು ಬೇರೆ ಊರಿನ ಘಟಕಕ್ಕೆ ವರ್ಗ ಮಾಡಬಹುದು. ಅವನಿಗೆ ನಿವೃತ್ತಿಯ ಹಣವುಂಟು, ಕ್ವಾರ್ಟರ್ಸಿನ ಆಸರೆಯುಂಟು. ಸಾವಿರಕ್ಕೂ ಮಿಕ್ಕಿದ್ದ ಗುತ್ತಿಗೆಯವರು ಅದೇ ಕುಲುಮೆಯ ಅದೇ ಕಾವಿನಲ್ಲಿ ಅದೇ ಪಾಳಿಯಲ್ಲಿ ದುಡಿದರೂ, ಕಾಗದದ ಮೇಲೆ ಅವರು ಕಾರ್ಖಾನೆಯವರೇ ಅಲ್ಲ. ಮುಚ್ಚುವ ವಾರ್ತೆ ಬಂದ ಮೇಲೆ ಧರಣಿಯಲ್ಲಿ ಕುಳಿತವರಲ್ಲಿ ಅವರೇ ಮುಖ್ಯರಾಗಿದ್ದುದು ಆಶ್ಚರ್ಯವಲ್ಲ. ಕಾಂಟನ ದೃಷ್ಟಿಯಲ್ಲಿ ಮುಚ್ಚುವುದೋ ಉಳಿಸುವುದೋ ಎಂಬುದಕ್ಕಿಂತ ಮೊದಲಿನ ಪ್ರಶ್ನೆಯೊಂದಿದೆ: ತೀರ್ಮಾನವಾಗುವುದಕ್ಕೆ ಮುಂಚೆ ಈ ಮನುಷ್ಯನನ್ನು ಕೂರಿಸಿ, ಸಂಗತಿ ಹೀಗಿದೆ, ನಿನ್ನ ಅಭಿಪ್ರಾಯವೇನು ಎಂದು ಯಾರಾದರೂ ಕೇಳಿದರೇ? ಕೇಳದೆ ಮಾಡಿದ ತೀರ್ಮಾನವು ಫಲದಲ್ಲಿ ಸರಿಯೆಂದು ಸಾಬೀತಾದರೂ ಅದರಲ್ಲೊಂದು ಕೊರತೆ ಉಳಿದೇ ಉಳಿಯುತ್ತದೆ.

ಈಗ ಕಾರ್ಖಾನೆಯ ಪೂರ್ವಕಥೆಯಲ್ಲಿ ಅಷ್ಟಾಗಿ ಹೇಳದ ಒಂದು ಭಾಗಕ್ಕೆ ಬರೋಣ. ಇದ್ದಲಿಗಾಗಿ ಸುತ್ತಣ ಕಾಡಿನ ಮರ ಟ್ರಾಮ್ ಹಳಿಗಳ ಮೇಲೆ ಬರುತ್ತಿದ್ದ ಕಾಲವಿತ್ತು. ಮುಚ್ಚಿದ ಪಾತ್ರೆಗಳಲ್ಲಿ ಕಟ್ಟಿಗೆಯನ್ನು ಕಾಯಿಸಿ ಇದ್ದಲನ್ನೂ, ಜೊತೆಗೆ ಮದ್ಯಸಾರ, ಟಾರು ಮೊದಲಾದವನ್ನೂ ತೆಗೆಯುತ್ತಿದ್ದರು. ಅನಂತರ, 1948ರಲ್ಲಿ ಜೋಗದ ವಿದ್ಯುದಾಗಾರ ಚಾಲನೆಗೆ ಬಂದು, 1952ರ ಸುಮಾರಿಗೆ ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಉರಿಯತೊಡಗಿದವು; ಕಾವಿಗೆ ಇದ್ದಲು ಬೇಕಾಗಿಲ್ಲದ್ದರಿಂದ ಒಂದು ಮಣ ಕಬ್ಬಿಣಕ್ಕೆ ಉರಿಯುವ ಕಾಡು ಕಡಿಮೆಯಾಯಿತು. ಮೇಲುನೋಟಕ್ಕೆ ಇದು ಯಾರಿಗೂ ನೋವಿಲ್ಲದ ಪ್ರಗತಿ. ಆದರೆ ಆ ವಿದ್ಯುತ್ತಿಗಾಗಿ ಹಿರೇಭಾಸ್ಕರ ಅಣೆಕಟ್ಟು ಶರಾವತಿಯನ್ನು ತಡೆದು ನಿಲ್ಲಿಸಿತ್ತು. ನಾಡಿನ ಬೇಡಿಕೆ ಬೆಳೆದಂತೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು, ಆ ಹಳೆಯ ಅಣೆಕಟ್ಟನ್ನೇ ತನ್ನ ನೀರಿನೊಳಗೆ ಮುಳುಗಿಸಿಕೊಂಡಿತು. ಭದ್ರೆಯ ಕಾಡಿನ ಭಾರವು ಶರಾವತಿಯ ಕಣಿವೆಯ ಒಕ್ಕಲುಮಕ್ಕಳ ಹೆಗಲಿಗೆ ಸರಿಯಿತು. ಒಟ್ಟು ಮೊತ್ತದಲ್ಲಿ ಹಿತ ಹೆಚ್ಚಿದುದು ದಿಟ, 1000 ಮೆಗಾವ್ಯಾಟಿಗೆ ಮೀರಿದ ಶರಾವತಿಯ ವಿದ್ಯುತ್ತು ದಶಕಗಳ ಕಾಲ ಕರ್ನಾಟಕದ ಬೆನ್ನೆಲುಬಾಗಿದ್ದುದೂ ದಿಟ. ಆದರೆ ಅದರ ಬೆಲೆಯನ್ನು ತೆತ್ತವರು ಬೇರೆಯವರು.

ಮುಳುಗಡೆಯವರು. ಶಿವಮೊಗ್ಗ ಜಿಲ್ಲೆಯಲ್ಲಿ ಈ ಒಂದು ಮಾತನ್ನು ವಿವರಿಸಬೇಕಾಗಿಲ್ಲ. ಅಡಿಕೆ ತೋಟ, ಗದ್ದೆ, ದೇವರ ಗುಡಿ ಎಲ್ಲವನ್ನೂ ನೀರಿಗೆ ಬಿಟ್ಟು, ಲಾರಿಗಳಲ್ಲಿ ತಂದಿಳಿಸಿದ ಕಾಡಿನ ಅಂಚಿನಲ್ಲಿ ಹೊಸದಾಗಿ ನೆಲ ಕಡಿದವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಪ್ಲಾಸ್ಟಿಕ್ ಚೀಲದಲ್ಲಿ ಹಳೆಯ ಆದೇಶದ ಪ್ರತಿಗಳನ್ನು ಇಟ್ಟುಕೊಂಡು, ಬೆಳಗಿನ ಬಸ್ಸಿಗೆ ಶಿವಮೊಗ್ಗೆಗೆ ಬಂದು ಜಿಲ್ಲಾಧಿಕಾರಿಗಳ ಕಚೇರಿಯ ಮೆಟ್ಟಿಲ ಮೇಲೆ ಕಾಯುತ್ತಾರೆ. ಅವರಿಗೆ ತೋರಿಸಿದ ನೆಲವನ್ನು ಅರಣ್ಯದ ಪಟ್ಟಿಯಿಂದ ಕ್ರಮವಾಗಿ ಬಿಡಿಸಿರಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದಕ್ಕೆ ಕೇಂದ್ರದ ಒಪ್ಪಿಗೆ ಅವಶ್ಯಕವಾಯಿತು. ಆ ಒಪ್ಪಿಗೆಯಿಲ್ಲದೆ ರಾಜ್ಯವು ಹೊರಡಿಸಿದ ಆದೇಶಗಳು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ನಾಡಿಗೆ ಬೆಳಕು ಕೊಡಲೆಂದು ಮನೆ ಬಿಟ್ಟವನ ಮೊಮ್ಮಗನು ಪಹಣಿಯ ಲೆಕ್ಕದಲ್ಲಿ ಒತ್ತುವರಿದಾರನಾಗಿ ಕಾಣುತ್ತಾನೆ. ಹಿನ್ನೀರಿನಾಚೆ ಉಳಿದವರ ಪಾಡು ಇನ್ನೊಂದು ಬಗೆ. ತುಮರಿ, ಬ್ಯಾಕೋಡಿನ ಕಡೆಯವರು ಸಾಗರದ ಪೇಟೆಗೆ ಬರಬೇಕಾದರೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಾಗಿತ್ತು. ರಾತ್ರಿಯ ಹೊತ್ತು ಲಾಂಚಿನ ಸಂಚಾರವಿರಲಿಲ್ಲ. ಹೆರಿಗೆಯ ನೋವು ಹಗಲನ್ನು ನೋಡಿಕೊಂಡು ಬರುವುದಿಲ್ಲ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಣ 2.44 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈ 14ರಂದು, ಅಣೆಕಟ್ಟು ಎದ್ದು 61 ವರ್ಷಗಳಾದ ಮೇಲೆ.

ಬೆಂಥಾಮನ ಮೊತ್ತದಲ್ಲಿ ಈ ದುಃಖಕ್ಕೂ ಸ್ಥಾನವಿಲ್ಲದೆ ಇಲ್ಲ. ಆದರೆ ಕೂಡಿ ಕಳೆದು ಉಳಿದ ಹಿತವು ಧನಸಂಖ್ಯೆಯಾಗಿ ಬಂದೊಡನೆ ಅಲ್ಲಿಗೆ ಅವನ ಕೆಲಸ ಮುಗಿಯುತ್ತದೆ. ಯಾರಿಂದ ಕಳೆದು ಯಾರಿಗೆ ಕೂಡಿದೆವು ಎಂಬುದನ್ನು ಆ ಮೊತ್ತವು ಹೇಳುವುದಿಲ್ಲ. ಅಮೆರಿಕದ ಜಾನ್ ರಾಲ್ಸನು 1971ರಲ್ಲಿ ಪ್ರಕಟಿಸಿದ ನ್ಯಾಯಮೀಮಾಂಸೆಯಲ್ಲಿ ಎತ್ತಿ ತೋರಿಸಿದುದು ಈ ದೋಷವನ್ನೇ. ನಾಳೆ ನಾವು ಯಾರಾಗಿ ಹುಟ್ಟುವೆವೆಂಬುದು ತಿಳಿಯದಂತೆ ಒಂದು ತೆರೆಯ ಹಿಂದೆ ಕುಳಿತು ಕಟ್ಟಳೆಗಳನ್ನು ಮಾಡೋಣ ಎಂದು ಅವನು ಸೂಚಿಸುತ್ತಾನೆ. ಬೆಂಗಳೂರಿನ ಬೀದಿದೀಪದ ಕೆಳಗೆ ನಡೆಯುವವನಾಗಿ ಹುಟ್ಟಬಹುದು, ಭದ್ರಾವತಿಯ ಕ್ವಾರ್ಟರ್ಸಿನಲ್ಲಿ ಹುಟ್ಟಬಹುದು, ತುಮರಿಯಲ್ಲಿ ನಡುರಾತ್ರಿ ಹೊಟ್ಟೆನೋವಿನಿಂದ ಹೊರಳುವ ಮಗುವಾಗಿಯೂ ಹುಟ್ಟಬಹುದು. ಅಣೆಕಟ್ಟೇ ಬೇಡವೆಂದು ಆ ತೆರೆಯ ಹಿಂದಿನ ಸಭೆ ಹೇಳಲಾರದು. ಆದರೆ ಸೇತುವೆಗೆ 61 ವರ್ಷ ಕಾಯಬಹುದೆಂದು ಅಲ್ಲಿ ಒಬ್ಬನೂ ಕೈ ಎತ್ತುವುದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ.

ಬೇರೆ ರೀತಿಯಲ್ಲಿ ನಡೆಯಲು ಸಾಧ್ಯವೇ ಇರಲಿಲ್ಲವೇ ಎಂದರೆ, ಸಾಧ್ಯವೆಂಬುದಕ್ಕೆ ನಿದರ್ಶನವು ಭದ್ರೆಯ ಹಿನ್ನೀರಿನ ಪಕ್ಕದಲ್ಲಿಯೇ ಇದೆ. ಭದ್ರಾ ವನ್ಯಧಾಮದ ಒಳಗಿದ್ದ 11 ಹಳ್ಳಿಗಳ 400ಕ್ಕೂ ಹೆಚ್ಚು ಕುಟುಂಬಗಳು 2001–02ರ ಸುಮಾರಿಗೆ ಹೊರಗೆ ಬಂದು ನೆಲಸಿದಾಗ, ನೀರಾವರಿಯುಳ್ಳ ಜಮೀನು, ನಿವೇಶನ, ಶಾಲೆ, ರಸ್ತೆ ಇವುಗಳ ಏರ್ಪಾಡು ಜೊತೆಜೊತೆಯಾಗಿ ನಡೆಯಿತು. ಹಳ್ಳಿಗರೊಡನೆ ವರ್ಷಗಟ್ಟಲೆ ಮಾತುಕತೆಯಾಗಿತ್ತು. ಕುಂದುಕೊರತೆಗಳು ಇರಲಿಲ್ಲವೆಂದಲ್ಲ. ಆದರೂ ದೇಶದ ಪುನರ್ವಸತಿಯ ಚರ್ಚೆಗಳಲ್ಲಿ ಅದನ್ನು ಮಾದರಿಯೆಂದು ಇಂದಿಗೂ ಹೆಸರಿಸುತ್ತಾರೆ. ಹಿತದ ಲೆಕ್ಕವೂ ಬಿಟ್ಟುಕೊಡುವವನ ಘನತೆಯೂ ಒಂದೇ ಯೋಜನೆಯೊಳಗೆ ಬಾಳಬಲ್ಲವು.

ನಮ್ಮ ಪ್ರಾಚೀನರಿಗೂ ಈ ಇಕ್ಕಟ್ಟು ಗೊತ್ತಿತ್ತು. ಹಿರಿದಾದ ಸಮುದಾಯಕ್ಕಾಗಿ ಕಿರಿದಾದುದನ್ನು ತೊರೆಯಬಹುದೆಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋಗುವ ಮಹಾಭಾರತದ ವಿದುರನ ನೀತಿಯನ್ನು ಅಣೆಕಟ್ಟು ಗಣಿಗಳ ಸಮರ್ಥನೆಗೆ ಉದಾಹರಿಸುವವರು, ಅದರ ಕಟ್ಟಕಡೆಯ ಮೆಟ್ಟಿಲನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಅಲ್ಲಿ ವಿದುರನು ಆತ್ಮಕ್ಕಾಗಿ ಭೂಮಿಯನ್ನೇ ಬಿಡಬಹುದೆಂದು ತಿರುಗಿ ನಿಲ್ಲುತ್ತಾನೆ. ಸಂಖ್ಯೆಯ ಏಣಿಯನ್ನು ಏರಿದವನು ಮೇಲೆ ಹೋಗಿ ಕಾಣುವುದು ಸಂಖ್ಯೆಗೆ ನಿಲುಕದ ಒಂದು ವಸ್ತುವನ್ನು.

ಇಂಥದೇ ಇಕ್ಕಟ್ಟಿನ ನಡುವೆ, ಭದ್ರೆಯ ಮೂಲದ ಕಡೆ ಕುದುರೆಮುಖದ ಅದಿರು ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2005ರ ಕೊನೆಗೆ ನಿಲ್ಲಿಸಿತು. ಅಲ್ಲಿಯೂ ಉದ್ಯೋಗ ಹೋದವರ ಕಣ್ಣೀರಿತ್ತು, ಇತ್ತ ನದಿಯೂ ಕಾಡೂ ಉಳಿದ ಸಮಾಧಾನವಿತ್ತು. ಇನ್ನು ನಮ್ಮ ನಿತ್ಯಜೀವನದ ಮಟ್ಟಿಗೆ ಹೇಳುವುದಾದರೆ, ತುಂಗಾಪಾನವೆಂದು ಹೆಮ್ಮೆಪಡುವ ಶಿವಮೊಗ್ಗೆಯಲ್ಲಿ ಒಂದು ಮನೆಯ ಬಚ್ಚಲ ನೀರಿನಿಂದ ನದಿ ಕೆಡುವುದಿಲ್ಲವೆಂಬುದು ಲೆಕ್ಕದಲ್ಲಿ ನಿಜವೇ. ಎಲ್ಲರೂ ಹಾಗೆ ನಡೆದುಕೊಳ್ಳಬೇಕೆಂದು ನೀನು ಬಯಸಬಲ್ಲೆಯಾ ಎಂಬ ಕಾಂಟನ ಪ್ರಶ್ನೆ ಇಲ್ಲಿ ಬೆಂಥಾಮನ ಗಣಿತಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಕೂಡ್ಲಿಯ ಸಂಗಮದಲ್ಲಿ ಮೀಯುವವರು, ಹೊನ್ನಾಳಿಯಲ್ಲಿ ನೀರೆತ್ತುವವರು ನಮ್ಮ ಲೆಕ್ಕದ ಕೆಳಗಣ ಸಾಲಿನಲ್ಲಿರುವವರು.

ಮೂರನೆಯದೊಂದು ಪಂಥವಿದೆ. ಏನು ಮಾಡಬೇಕೆಂಬುದಕ್ಕಿಂತ ಮಾಡುವವನು ಎಂಥವನಾಗಿರಬೇಕೆಂದು ಕೇಳುವ ಅರಿಸ್ಟಾಟಲನ ಪಂಥವದು. ಸಿದ್ಧಾಂತಗಳು ಒಂದಕ್ಕೊಂದು ಎದುರಾಗಿ ನಿಂತಾಗ ನಿರ್ಣಯಿಸುವವನ ಶೀಲವೊಂದೇ ದಾರಿ ತೋರಬಲ್ಲುದು. ಭದ್ರಾವತಿಯ ಕಾರ್ಖಾನೆಯಲ್ಲಿ ಮಾಡಿದ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ವಿಶ್ವೇಶ್ವರಯ್ಯನವರು ಸ್ವಂತಕ್ಕೆ ತೆಗೆದುಕೊಳ್ಳದೆ, ತರುಣರಿಗೆ ಕಸುಬು ಕಲಿಸುವ ಬೆಂಗಳೂರಿನ ಜಯಚಾಮರಾಜೇಂದ್ರ ಸಂಸ್ಥೆಯ ಸ್ಥಾಪನೆಗೆ ವಿನಿಯೋಗವಾಗುವಂತೆ ಮಾಡಿದರು. ಅಂಕಿಸಂಖ್ಯೆಗಳಲ್ಲಿ ಅಷ್ಟೊಂದು ನಂಬಿಕೆಯಿದ್ದ ಆ ಮಹನೀಯರು ಹಾಕಿದ ಲೆಕ್ಕವನ್ನು ಜನರು ನಂಬಿದುದಕ್ಕೆ, ಅದರಲ್ಲಿ ಅವರ ಸ್ವಂತ ಲಾಭದ ಸಾಲು ಇರಲಿಲ್ಲವೆಂಬುದು ಮುಖ್ಯ ಕಾರಣವೆಂದು ನಾನು ತಿಳಿದಿದ್ದೇನೆ.

ಹಳಿಯ ಮೇಲೆ ಓಡಿಬರುವ ಟ್ರಾಮನ್ನು ಐವರ ಮೇಲೆ ಬಿಡುವುದೋ ಒಬ್ಬನ ಮೇಲೆ ತಿರುಗಿಸುವುದೋ ಎಂಬ, 1967ರಲ್ಲಿ ಫಿಲಿಪ್ಪಾ ಫುಟ್ ಎಂಬ ವಿದುಷಿ ಮುಂದಿಟ್ಟ ಸಮಸ್ಯೆ ಈಗ ಎಲ್ಲ ಕಾಲೇಜುಗಳ ತರಗತಿಗಳಲ್ಲಿಯೂ ಪ್ರಸಿದ್ಧವಾಗಿದೆ. ಬುದ್ಧಿಯನ್ನು ಹರಿತಗೊಳಿಸುವುದಕ್ಕೆ ಅದು ಒಳ್ಳೆಯದು. ಆದರೆ ನಮ್ಮ ಮುಂದಿರುವ ವಿಷಯಗಳಲ್ಲಿ ಹಳಿಗಳು ಎರಡೇ ಆಗಿರುವುದಿಲ್ಲ, ಪರಿಣಾಮವು ಮೊದಲೇ ತಿಳಿದಿರುವುದಿಲ್ಲ, ಆ ಒಬ್ಬನು ಅಲ್ಲಿ ನಿಂತುದು ಆಕಸ್ಮಿಕವೂ ಆಗಿರುವುದಿಲ್ಲ. ಹಿಂದಿನ ಸಲ ತಿರುಗಿಸಿದ ಟ್ರಾಮಿಗೆ ಸಿಕ್ಕಿದವನ ಮೊಮ್ಮಗನನ್ನೇ ಮತ್ತೆ ಅಲ್ಲಿ ತಂದು ನಿಲ್ಲಿಸಿರುತ್ತೇವೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಶರಾವತಿಯ ಕಣಿವೆಯಲ್ಲಿ ಸಿಂಗಳೀಕಗಳ ಅಭಯಾರಣ್ಯದ ನಡುವೆ, ಗೇರುಸೊಪ್ಪೆಯ ಜಲಾಶಯದಿಂದ ತಳಕಳಲೆಯ ಜಲಾಶಯಕ್ಕೆ ನೀರನ್ನು ಮೇಲೆತ್ತಿ, ಬೇಡಿಕೆ ಏರಿದ ಹೊತ್ತಿನಲ್ಲಿ ಕೆಳಕ್ಕೆ ಬಿಟ್ಟು 2000 ಮೆಗಾವ್ಯಾಟ್ ವಿದ್ಯುತ್ ಪಡೆಯುವ ಪಂಪ್ಡ್ ಸ್ಟೋರೇಜ್ ಯೋಜನೆ ಇಂದು ವಾದವಿವಾದದಲ್ಲಿದೆ. ನೀರನ್ನು ಮೇಲೆತ್ತುವುದಕ್ಕೆ ತಗಲುವ ವಿದ್ಯುತ್ತು ಅದರಿಂದ ಮರಳಿ ದೊರೆಯುವುದಕ್ಕಿಂತ ಹೆಚ್ಚು. ಆದರೂ ಹಗಲಿನ ಬಿಸಿಲಿನಿಂದ ಪಡೆದ ವಿದ್ಯುತ್ತನ್ನು ಸಂಜೆಗೆ ಕೂಡಿಡುವ ಉಪಾಯಗಳು ನಾಡಿಗೆ ಬೇಕೆಂಬುದನ್ನು ಅಲ್ಲಗಳೆಯಲಾಗದು. ಹಿತದ ಲೆಕ್ಕವನ್ನು ಪೂರ್ತಿಯಾಗಿ ಹಾಕಲಿ. ಅದರಲ್ಲಿ ಕಾಡಿನ ಬೆಲೆಯನ್ನೂ ಸಿಂಗಳೀಕದ ಬದುಕನ್ನೂ ಬರೆಯಲಿ. ಬೇರೆ ಉಪಾಯಗಳ ಖರ್ಚನ್ನು ಪಕ್ಕದಲ್ಲಿಟ್ಟು ತೋರಿಸಲಿ. ಕಣಿವೆಯ ಜನರನ್ನು ಕೇಳಲಿ. ಆ ಎಲ್ಲಕ್ಕೂ ಮೊದಲು 1964ರ ಲೆಕ್ಕವನ್ನು ಮುಗಿಸಬೇಕು. ಅಂದು ಮುಳುಗಿದ ಮನೆಗಳವರ ಕೈಗೆ ಅವರು ಉಳುತ್ತಿರುವ ನೆಲದ ಹಕ್ಕುಪತ್ರ ನ್ಯಾಯಾಲಯದಲ್ಲಿ ನಿಲ್ಲುವಂತೆ ಕ್ರಮವಾಗಿ ಸೇರುವ ತನಕ, ಅದೇ ಕಣಿವೆಯಲ್ಲಿ ಬಹುಜನಹಿತದ ಹೆಸರಿನ ಇನ್ನೊಂದು ಯೋಜನೆಗೆ ಕೈಹಾಕುವ ಅಧಿಕಾರ ನಮಗಿಲ್ಲ.